ಬಲಗಡೆಯ ಪದಕಗಳು

ಹಿತ್ತಾಳೆ ಉಜ್ಜುವ ಪಾಲಿಶ್‌ಗೆ ಒಂದು ವಾಸನೆಯಿದೆ. ಸೀಮೆಎಣ್ಣೆಯೂ ಅಲ್ಲ, ಟಿಂಚರೂ ಅಲ್ಲ, ಎರಡರ ನಡುವಿನದು. ಆಗಸ್ಟ್ ಹದಿನೈದರ ಹಿಂದಿನ ಸಂಜೆ ನಾರಾಯಣಖೇಡದ ನಮ್ಮ ಬಾಡಿಗೆ ಮನೆಯ ತುಂಬ ಆ ವಾಸನೆ ಹಬ್ಬುತ್ತದೆ. ಹೆಂಡತಿ ಮೂಗಿಗೆ ಸೆರಗು ಹಿಡಿದು ಕಿಟಕಿ ತೆರೆಯುತ್ತಾಳೆ. ‘ಇನ್ನಾ ಎಷ್ಟು ತಿಕ್ತೀರಿ?’ ಅನ್ನುತ್ತಾಳೆ. ನಾನು ತಿಕ್ಕುತ್ತಲೇ ಇರುತ್ತೇನೆ. ಮೊದಲು ನನ್ನ ಪದಕಗಳು, ಆಮೇಲೆ ಇನ್ನೊಂದು ಡಬ್ಬಿಯಲ್ಲಿರುವವು. ಆ ಎರಡನೇ ಡಬ್ಬಿ ತೆರೆದೆನೆಂದರೆ ಮುಗಿಯಿತು, ಕೂತಲ್ಲಿ ಕೂರಲಾಗುವುದಿಲ್ಲ. ಯಾರೋ ಬೆನ್ನ ಹಿಂದೆ ನಿಂತು, ‘ಏಳೋ ತಮ್ಮಾ, ಬಸ್ಸು ಹೋಗ್ತದ’ ಅಂದಂತಾಗುತ್ತದೆ…

ಜಹೀರಾಬಾದಿನಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಆಕೆಯನ್ನು ಓಣಿಯವರೆಲ್ಲ ಫೌಜಿ ಅಕ್ಕ ಎಂದೇ ಕರೆಯುತ್ತಿದ್ದರು. ಫೌಜಿನಲ್ಲಿದ್ದವರು ಆಕೆಯ ಗಂಡ; ಆಕೆ ಬಂದೂಕನ್ನು ಮುಟ್ಟಿದವಳೇ ಅಲ್ಲ. ಆದರೂ ಆ ಹೆಸರು ಆಕೆಗೆ ಒಪ್ಪುತ್ತಿತ್ತು. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಇವತ್ತು ತಾಂಡೂರು, ನಾಳೆ ಸಂಗಾರೆಡ್ಡಿ, ನಾಡಿದ್ದು ಪೆದ್ದೆಮುಲ್ ಕಡೆಯ ಯಾವುದೋ ಹಳ್ಳಿ. ಮಾಜಿ ಸೈನಿಕರಿಗೆ, ಅವರ ಮಕ್ಕಳಿಗೆ, ಗಂಡನನ್ನು ಕಳೆದುಕೊಂಡ ಹೆಂಗಸರಿಗೆ ಕಾಲೇಜಿನಲ್ಲಿ ಮೀಸಲು ಸೀಟು ಇರುತ್ತದೆ, ಫೀಸಿಗೆ ಸರಕಾರದ ನೆರವೂ ಇರುತ್ತದೆ. ಬಹಳ ಜನಕ್ಕೆ ಇದು ಗೊತ್ತಿರಲಿಲ್ಲ, ಗೊತ್ತಿದ್ದವರಿಗೆ ತಿರುಗಾಡುವ ದಮ್ಮಿರಲಿಲ್ಲ. ಅಂಥವರನ್ನು ಹುಡುಕಿ ಹೋಗಿ, ರಟ್ಟೆ ಹಿಡಿದು ಎಳೆತಂದು, ಕಾಲೇಜಿನ ಬಾಗಿಲೊಳಗೆ ದಬ್ಬುವುದು ಆಕೆಯ ಕೆಲಸ. ಆ ಕೆಲಸವನ್ನು ಆಕೆಗೆ ಯಾರೂ ಹಚ್ಚಿರಲಿಲ್ಲ. ‘ಮುಂದಿನ ವರ್ಷ ನೋಡಮು ಅಕ್ಕಾ’ ಎಂದು ಯಾರಾದರೂ ಅಂದರೆ ಮಾತ್ರ ಆಕೆಗೆ ಮೈಯೆಲ್ಲ ಉರಿಯುತ್ತಿತ್ತು.

ಅದಕ್ಕೆ ಕಾರಣವಿತ್ತು. ಆಕೆಯ ಗಂಡ ಫೌಜು ಬಿಟ್ಟು ಬಂದ ಮೇಲೆ ಬಿ.ಎ. ಓದಿ ಮಾಸ್ತರ ಆಗಬೇಕೆಂದಿದ್ದರಂತೆ. ಮುಂದಿನ ವರ್ಷ, ಮುಂದಿನ ವರ್ಷ ಅನ್ನುತ್ತಲೇ ತಾಂಡೂರಿನ ಕಡೆ ಒಂದು ಕಲ್ಲು ಪಾಲಿಶಿನ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ನಿಂತರು. ಒಂದು ಬೇಸಿಗೆಯ ಮಧ್ಯಾಹ್ನ ಆ ಗೇಟಿನ ಸ್ಟೂಲಿನ ಮೇಲೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಅಂದಿನಿಂದ ಆಕೆಯೂ ಒಂದು ಕಡೆ ಕೂತದ್ದಿಲ್ಲ. ನಮ್ಮ ಮನೆಗೆ ಬಂದರೆ ಚಹಾ ಕೂಡ ಹೊಸ್ತಿಲಲ್ಲಿ ನಿಂತೇ ಕುಡಿಯುತ್ತಿದ್ದಳು.

ನಾನು ಹದಿನೇಳು ವರ್ಷದ ಸೇವೆ ಮುಗಿಸಿ ಊರಿಗೆ ಬಂದಾಗ ಪ್ರತ್ಯೇಕ ತೆಲಂಗಾಣದ ಚಳವಳಿ ಕಾವೇರಿತ್ತು. ಇವತ್ತು ಬಂದ್, ನಾಳೆ ರಸ್ತೆ ತಡೆ. ಪೆನ್ಷನ್ ಒಂದಿಷ್ಟು ಬರುತ್ತಿತ್ತು, ಆದರೆ ಮೂವತ್ತಾರನೇ ವಯಸ್ಸಿಗೆ ಕಟ್ಟೆಯ ಮೇಲೆ ಕೂತು ಮೀಸೆ ತಿರುವಲು ಮನಸ್ಸು ಒಪ್ಪಲಿಲ್ಲ. ತಾಂಡೂರಿನ ಗುತ್ತಿಗೆದಾರನೊಬ್ಬ ಫೋನು ಮಾಡಿ, ಒಂದು ಕಾರ್ಖಾನೆಗೆ ಕಾವಲಿನವರು ಬೇಕು, ಸೋಮವಾರ ಬಂದು ನಿಲ್ಲು ಎಂದ. ನಾನು ಹೂಂ ಅಂದೆ. ಈ ಸುದ್ದಿ ನನ್ನ ಹೆಂಡತಿಯ ಬಾಯಿಂದ ಎದುರು ಮನೆಗೆ ದಾಟಲು ಎಷ್ಟು ಹೊತ್ತು? ಆಕೆ ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

‘ಹದಿನೇಳು ವರ್ಷ ದೇಶದ ಗೇಟ್ ಕಾದಿ. ಈಗ ಮಂದಿ ಕಾರ್ಖಾನಿ ಗೇಟ್ ಕಾಯ್ತಿ ಏನೋ?’

‘ಈ ವಯಸ್ಸಿನಾಗ ಕಾಲೇಜಿಗಿ ಹೋದ್ರ ಮಂದಿ ನಗ್ತಾರಕ್ಕಾ.’

‘ನಗ್ಲಿ. ನಕ್ರ ಹಲ್ಲು ಕಾಣ್ತಾವ, ಅವೇನು ನಿನಗ ಕಡೀತಾವ?’

ಮರುದಿನ ಬೆಳಿಗ್ಗೆ ನನ್ನನ್ನು ಕಾಲೇಜಿಗೆ ನಡೆಸಿಕೊಂಡು ಹೋದಳು. ಅಲ್ಲಿ ಒಂದು ಹೊಸ ಗಂಟು ಎದುರಾಯಿತು. ನಮ್ಮ ಮೂಲ ಮೊಗುಡಂಪಲ್ಲಿ ಕಡೆಯ ಹಳ್ಳಿ. ಹೊಲದ ಬದು ದಾಟಿದರೆ ಬೀದರ ಜಿಲ್ಲೆ. ಕನ್ನಡ ಶಾಲೆ ಆ ಕಡೆ ಇದೆ, ಸೋದರಮಾವನ ಮನೆಯೂ ಆ ಕಡೆಯೇ ಇದೆ ಎಂದು ಮಕ್ಕಳನ್ನು ಅಲ್ಲಿಗೆ ಕಳಿಸಿಬಿಡುವುದು ನಮ್ಮ ಮಂದಿಯ ರೂಢಿ. ಹಾಗೆ ಕಳಿಸುವಾಗ ಮಗ ಪರರಾಜ್ಯದವನಾಗುತ್ತಾನೆಂದು ಯಾವ ತಂದೆಗೆ ಹೊಳೆದೀತು? ನಾನು ಒಂದನೇ ತರಗತಿಯಿಂದ ಪಿಯುಸಿಯವರೆಗೆ ಓದಿದ್ದೆಲ್ಲ ಕರ್ನಾಟಕದಲ್ಲಿ, ಆಮೇಲಿನ ಹದಿನೇಳು ವರ್ಷ ಕಳೆದದ್ದು ಹಿಮದಲ್ಲಿ, ಮರಳಿನಲ್ಲಿ. ಕಾಲೇಜಿನವರು ನನ್ನನ್ನು ನಾನ್‌ಲೋಕಲ್ ಅಂದರು. ನಮ್ಮ ನೆಲದ ಸೀಟು ನಮ್ಮವರಿಗೇ ಎಂದು ಬೀದಿಬೀದಿಯಲ್ಲಿ ಕೂಗುತ್ತಿದ್ದ ದಿನಗಳವು. ಬಾಗಿಲ ಬಳಿ ನಿಂತಿದ್ದ ಹುಡುಗರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಈ ಊರಿನವನೇ ಎಂದು ತಹಸೀಲ್ದಾರ ಕಚೇರಿಯಿಂದ ದಾಖಲೆ ತಂದರೆ ಸೀಟು, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಎಂದರು ಪ್ರಾಂಶುಪಾಲರು.

ಅದೇ ವಾರ ಸಮ್ಮೆ ಶುರುವಾಯಿತು, ಚಳವಳಿಗಾಗಿ ಎಲ್ಲ ನೌಕರರ ಮುಷ್ಕರ. ಕಚೇರಿಗೆ ಬೀಗ, ಕಾಲೇಜಿಗೆ ಬೀಗ. ಬಸ್ಸುಗಳೆಲ್ಲ ಡಿಪೋದಲ್ಲಿ ಮಲಗಿದವು. ನನಗೆ ಆ ದಿನಗಳನ್ನು ನೆನೆದರೆ ಈಗಲೂ ಕಸಿವಿಸಿ. ಬೆಳಿಗ್ಗೆ ಎದ್ದು ಬೂಟು ಕಟ್ಟುತ್ತಿದ್ದೆ, ಹೋಗಲು ಜಾಗವಿಲ್ಲದೆ ಬಿಚ್ಚುತ್ತಿದ್ದೆ. ಗುತ್ತಿಗೆದಾರನ ಫೋನು ಮೇಲಿಂದ ಮೇಲೆ. ಬಸ್ಸು ಇಲ್ಲವೆಂದು ಒಂದು ಸೋಮವಾರ ಬಿಟ್ಟೆ, ಇನ್ನೊಂದಕ್ಕೂ ನೀನು ಬರದಿದ್ದರೆ ಬೇರೆಯವನು ಬರುತ್ತಾನೆ ಎಂದ. ಗೇಟು ಕಣ್ಣೆದುರಿಗಿತ್ತು, ಕಾಲೇಜು ಗಾಳಿಯಲ್ಲಿತ್ತು. ಸುಳ್ಳೇಕೆ ಹೇಳಲಿ, ನಾನು ಮನಸ್ಸಿನಲ್ಲಿ ಗೇಟಿಗೆ ಹೊರಟಾಗಿತ್ತು. ಎದುರು ಮನೆಯ ಅಂಗಳದಲ್ಲಿ ಆಕೆ ಮಾತ್ರ ಅತ್ತಿಂದಿತ್ತ ಶತಪಥ ಹಾಕುತ್ತಿದ್ದಳು.

ಆ ದಿನಗಳಲ್ಲಿ ಹೆದ್ದಾರಿಯ ಪಕ್ಕ ಚಳವಳಿಯವರ ಟೆಂಟು ಇತ್ತು. ಅಲ್ಲಿ ದಿನಕ್ಕೊಂದು ಕಸುಬಿನವರು ಉಪವಾಸ ಕೂರುತ್ತಿದ್ದರು. ಇವತ್ತು ವಕೀಲರು, ನಾಳೆ ಕ್ಷೌರಿಕರು, ಮರುದಿನ ಆಟೋದವರು. ಬೆಳಿಗ್ಗೆ ಕೊರಳಿಗೆ ಮಾಲೆ, ಸಂಜೆ ಯಾರಾದರೂ ಮುಖಂಡರ ಕೈಯಿಂದ ನಿಂಬೆ ಶರಬತ್ತು. ಸಮ್ಮೆಯಲ್ಲಿದ್ದ ನೌಕರರೆಲ್ಲ ಬೆಂಬಲಕ್ಕೆಂದು ಅಲ್ಲೇ ಠಿಕಾಣಿ ಹಾಕಿರುತ್ತಿದ್ದರು. ಒಂದು ಸಂಜೆ ಆಕೆ ಓಡುತ್ತ ಬಂದಳು. ‘ನಾಳಿ ಫೌಜಿ ಮಂದಿ ಕೂಡ್ತೀವಿ ಅಂತ ಹೇಳಿ ಬಂದೀನಿ. ಮೆಡಲ್ ಹಾಕ್ಕೊಂಡು ಬಾ. ಕಚೇರಿಗಿ ಬೀಗ ಅದ ಖರೆ, ಆದ್ರ ಕಚೇರಿ ಮಂದಿ ಎಲ್ಲಾ ಅಲ್ಲೇ ಕುಂತಾರ.’

ಮರುದಿನ ಸುತ್ತಲ ಹಳ್ಳಿಗಳಿಂದ ಹಳೆಯ ಸಿಪಾಯಿಗಳು ಸೈಕಲ್ಲಿನಲ್ಲಿ, ಟ್ರ್ಯಾಕ್ಟರಿನಲ್ಲಿ ಬಂದರು. ಆಕೆ ಬಿಳಿ ಸೀರೆಯುಟ್ಟು, ಗಂಡನ ಪದಕಗಳನ್ನು ಎದೆಯ ಬಲಗಡೆ ಸೆರಗಿಗೆ ಚುಚ್ಚಿಕೊಂಡು ಬಂದಿದ್ದಳು. ಕಾಲೇಜು ಬಾಗಿಲಲ್ಲಿ ನನ್ನನ್ನು ಅಳೆದಿದ್ದ ಹುಡುಗರಲ್ಲೊಬ್ಬ ನಕ್ಕು, ‘ಅಮ್ಮಾ, ಉಲ್ಟಾ ಹಾಕ್ಕೊಂಡೀರಿ. ಮೆಡಲ್ ಎಡಗಡೆ ಇರ್ತಾವ’ ಅಂದ.

ಆಕೆ ನಗಲಿಲ್ಲ. ‘ಎಡಗಡೆ ಗಳಿಸಿದೋರಿಗಪ್ಪ. ಬಲಗಡೆ ಕಳಕೊಂಡೋರಿಗಿ’ ಅಂದಳು. ಹುಡುಗ ಹೋಗಿ ಆಕೆಗೊಂದು ಮಾಲೆ ತಂದ.

ಆಕೆ ದಿನವಿಡೀ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೂತರೂ ಕಾಲಿನ ಹೆಬ್ಬೆರಳು ಕುಣಿಯುತ್ತಲೇ ಇತ್ತು. ಜೈ ತೆಲಂಗಾಣ ಕೂಗಿ ಕೂಗಿ ನಮ್ಮ ಗಂಟಲು ಒಣಗಿದವು. ಸಂಜೆ ಶರಬತ್ತಿನ ತಟ್ಟೆ ಬಂತು. ಅವತ್ತು ಶರಬತ್ತು ಕುಡಿಸಲು ಆಕೆ ಯಾವ ಮುಖಂಡನನ್ನೂ ಕೇಳಿರಲಿಲ್ಲ, ತಹಸೀಲ್ದಾರ ಕಚೇರಿಯ ಗಿರ್ದಾವರನನ್ನು ಕರೆಸಿದ್ದಳು. ನಮ್ಮ ಹಳ್ಳಿಗಳ ಹೊಲಮನೆ ವಿಚಾರಣೆಯೆಲ್ಲ ಆತನ ಕೈಯಲ್ಲಿತ್ತು. ನನ್ನ ತಂದೆಯ ಬದುವಿನ ಜಗಳ ಬಗೆಹರಿಸಿದವನೂ ಆತನೇ. ನಾವೆಲ್ಲ ಗ್ಲಾಸು ಹಿಡಿದೆವು. ಆಕೆ ಹಿಡಿಯಲಿಲ್ಲ.

‘ಮೊದ್ಲು ಒಂದು ಮಾತು ಹೇಳ್ರಿ ಸಾಬ್ರೆ. ಈ ನಮ್ಮ ತಮ್ಮ ಯಾವ ನೆಲದವ?’

ಆತನಿಗೆ ತಕ್ಷಣ ಅರ್ಥವಾಯಿತು. ‘ಅಕ್ಕಾ, ಸಮ್ಮಿ ನಡದದ. ನಾ ಸಹಿ ಮಾಡಿದ್ರ ನಮ್ಮೋರೇ ನನಗ ದ್ರೋಹಿ ಅಂತಾರ್ರಿ.’

‘ನಾ ಸಹಿ ಎಲ್ಲಿ ಕೇಳೀನಿ? ನಿಮ್ಮ ಸಹಿ ಸಮ್ಮಿಗಿ ಹೋಗ್ಯದ. ಬಾಯಿ ಹೋಗಿಲ್ಲಲ್ಲ? ಮೈಕ್‌ನಾಗ ಹೇಳ್ರಿ. ಅಲ್ಲಿತನ ನಾ ಹನಿ ನೀರು ಮುಟ್ಟಂಗಿಲ್ಲ.’

ಟೆಂಟಿನಲ್ಲಿ ಗುಸುಗುಸು ಎದ್ದಿತು. ನನಗೋ ನಾಚಿಕೆಯಿಂದ ಎದ್ದು ಓಡಿಹೋಗುವಂತಾಯಿತು. ಉಪವಾಸ ಮುಗಿಸುವ ಹೊತ್ತಿಗೆ ಉಪವಾಸದೊಳಗೊಂದು ಉಪವಾಸ! ಕಾಲೇಜಿನ ಪ್ರಾಂಶುಪಾಲರು ಮುಂದಿನ ಸಾಲಿನಲ್ಲೇ ಇದ್ದರು. ಅವರ ಕುರ್ಚಿಯನ್ನು ಅಲ್ಲಿ ಹಾಕಿಸಿದವಳು ಯಾರೆಂದು ನನಗೆ ಆಗ ಹೊಳೆಯಿತು. ಗಿರ್ದಾವರ ಆಚೀಚೆ ನೋಡಿದ, ಆಕೆಯ ಒಣಗಿದ ತುಟಿ ನೋಡಿದ. ಆಮೇಲೆ ಮೈಕು ತೆಗೆದುಕೊಂಡು ನನ್ನ ಅಜ್ಜನ ಹೆಸರು, ತಂದೆಯ ಹೆಸರು, ಹೊಲದ ಗುರುತು ಎಲ್ಲ ಹೇಳಿ, ಇವನು ಇದೇ ಮಣ್ಣಿನವನು ಎಂದು ತೆಲುಗಿನಲ್ಲಿ ಸಾರಿದ. ಮಾಲೆ ತಂದಿದ್ದ ಹುಡುಗನೇ ಮೊದಲು ಚಪ್ಪಾಳೆ ಹೊಡೆದ. ಪ್ರಾಂಶುಪಾಲರು ಎದ್ದು ನಿಂತು, ಸಮ್ಮೆ ಮುಗಿದ ಮೇಲೆ ದಾಖಲೆ ಬರಲಿ, ಅಲ್ಲಿಯವರೆಗೆ ಈ ಸೀಟನ್ನು ಯಾರಿಗೂ ಕೊಡುವುದಿಲ್ಲ ಎಂದರು.

ಆಕೆ ಒಂದೇ ಗುಟುಕಿಗೆ ಗ್ಲಾಸು ಖಾಲಿ ಮಾಡಿದಳು. ಅಷ್ಟರಲ್ಲಿ ನನ್ನ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ನಾನು ತೆಗೆಯುವಷ್ಟರಲ್ಲಿ ಆಕೆ ಕಸಿದುಕೊಂಡಿದ್ದಳು.

‘ಯಾರು, ತಾಂಡೂರಿನೋರೇನ್ರಿ? ಆತ ಇಲ್ಲ್ರಿ, ಕಾಲೇಜಿಗಿ ಹೋಗ್ಯಾನ. ಗೇಟಿಗಿ ಬ್ಯಾರೆ ಯಾರ್ನರ ನೋಡ್ಕೋರಿ.’

ಫೋನು ಮರಳಿ ಕೊಟ್ಟಳು. ಮುಖ ನೋಡಿದರೆ ಕಣ್ಣು ತುಂಬಿದ್ದವು. ‘ಕಾಲೇಜಿಗಿ ಹೋಗ್ಯಾನ’ ಎಂಬ ಮಾತನ್ನು ಆಕೆ ಎಷ್ಟೋ ವರ್ಷಗಳಿಂದ ಯಾರ ಸಲುವಾಗಿಯೋ ಹೇಳಲು ಕಾದಿದ್ದಳು ಅನ್ನಿಸಿತು…

ಸಮ್ಮೆ ಮುಗಿಯಿತು, ದಾಖಲೆ ಸಿಕ್ಕಿತು. ಹದಿನೆಂಟರ ಹುಡುಗರ ನಡುವೆ ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಮೊದಲ ವಾರ ಅವರು ನನ್ನನ್ನು ಲೆಕ್ಚರರ್ ಎಂದುಕೊಂಡು ಎದ್ದು ನಿಲ್ಲುತ್ತಿದ್ದರು, ಎರಡನೇ ವಾರದಿಂದ ಕಾಕಾ ಅಂದರು. ಆಕೆ ಹೇಳಿದ್ದು ನಿಜ, ನಕ್ಕರು, ಕಚ್ಚಲಿಲ್ಲ. ಆಕೆ ಅಷ್ಟರಲ್ಲಿ ಕರಣಕೋಟದ ಕಡೆ ಒಬ್ಬ ಸೈನಿಕನ ವಿಧವೆಯ ಮಗಳ ಬೆನ್ನು ಹತ್ತಿದ್ದಳು. ಒಂದು ದಿನ ‘ನಿನಗೂ ಸೀಟು ಅದಲ್ಲಕ್ಕಾ, ನೀನೂ ಓದು’ ಎಂದು ಚುಡಾಯಿಸಿದೆ. ‘ನಾ ಕುಂತು ಓದಾಕ ಹತ್ತಿದ್ರ ನಿಮಗ ದಬ್ಬೋರು ಯಾರು?’ ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಹೊಸ ರಾಜ್ಯವಾದ ಮೇಲೆ ಆಕೆ ಬಹಳ ದಿನ ಇರಲಿಲ್ಲ. ನಾನು ಬಿ.ಎಡ್. ಓದುತ್ತಿದ್ದೆ. ಯಾವುದೋ ಹುಡುಗಿಯನ್ನು ಹೈದರಾಬಾದಿಗೆ ಕೌನ್ಸೆಲಿಂಗಿಗೆ ಕರೆದೊಯ್ದು ಬಂದವಳು, ಕಾಲು ಭಾಳ ನೋಯ್ತಾವ ಎಂದು ಮಲಗಿದಳಂತೆ, ಬೆಳಿಗ್ಗೆ ಏಳಲಿಲ್ಲವಂತೆ. ಸುದ್ದಿ ಕೇಳಿ ಓಡಿ ಬಂದೆ. ಓಣಿಯ ಮಂದಿ ಸತ್ತವರನ್ನು ಕೂರಿಸುವ ರೂಢಿಯಂತೆ ಆಕೆಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಆಕೆ ಹಾಗೆ ಸುಮ್ಮನೆ ಕೂತದ್ದನ್ನು ನನ್ನಿಂದ ನೋಡಲಾಗಲಿಲ್ಲ. ದಿನಕರ್ಮ ಮುಗಿದ ಮೇಲೆ ಪೆದ್ದೆಮುಲ್‌ನಿಂದ ಬಂದಿದ್ದ ಆಕೆಯ ಮೈದುನ ಪದಕಗಳ ಈ ಡಬ್ಬಿಯನ್ನು ನನ್ನ ಕೈಗಿಟ್ಟು, ‘ನಿಮಗೇ ಕೊಡ್ಬೇಕಂತ ಹೇಳಿದ್ಳ್ರಿ’ ಅಂದ.

ಈಗ ಉಜ್ಜಿ ಮುಗಿಯಿತು. ನನ್ನವು ಕೋಟಿನ ಎಡಗಡೆಗೆ, ಆಕೆ ಕೊಟ್ಟವು ಬಲಗಡೆಗೆ. ಒಡಹುಟ್ಟಿದವನಲ್ಲ, ಬಳಗದವನಲ್ಲ, ಫೌಜಿನ ನಿಯಮದ ಪ್ರಕಾರ ಇದು ತಪ್ಪು. ಇರಲಿ. ಹೋದ ವರ್ಷ ಧ್ವಜ ಏರಿಸಿದ ಮೇಲೆ ನಮ್ಮ ಶಾಲೆಯ ಹೆಡ್‌ಮಾಸ್ತರರು ಕೇಳಿದ್ದರು, ‘ಬಲಗಡೆಯವು ನಿಮ್ಮ ತಂದಿಯವೇನ್ರಿ?’

‘ಅಲ್ಲ್ರಿ. ನಮ್ಮಕ್ಕನವು.’

‘ನಿಮ್ಮಕ್ಕ ಫೌಜಿನಾಗ ಇದ್ರೇನು?’

ಹೌದ್ರಿ ಅಂದೆ. ಹಾಜರಿಯ ಗಂಟೆ ಹೊಡೆಯಿತು, ನನ್ನ ತರಗತಿಗೆ ನಡೆದೆ.