ಸ್ಥಾಪಕರ ಹೆಸರು, ಒಂದು ಮಾತ್ರ

ಮೊನ್ನೆ ಉಡುಪಿಯಿಂದ ಕಾಪುವಿಗೆ ಹೋಗುವ ಬಸ್ಸು ಉದ್ಯಾವರ ದಾಟುವಾಗ ಯಾರದೋ ಚೀಲದಿಂದ ಒಣಮೀನಿನ ವಾಸನೆ ಎದ್ದಿತು. ಮುಂದಿನ ಸೀಟಿನವರು ಕಿಟಕಿ ಸರಿಸಿದರು, ನಾನು ಆರಾಮವಾಗಿ ಕುಳಿತೇ ಇದ್ದೆ. ಇದರಲ್ಲೇನು ದೊಡ್ಡ ವಿಷಯ ಎಂದು ನೀವು ಕೇಳಬಹುದು. ಕಡಿಯಾಳಿಯಲ್ಲಿ, ಈರುಳ್ಳಿಯನ್ನೂ ಒಳಗೆ ಬಿಡದ ಮನೆಯಲ್ಲಿ ಹುಟ್ಟಿದವಳಿಗೆ ಅದು ದೊಡ್ಡ ವಿಷಯವೇ. ಮೀನು ಮಾರುಕಟ್ಟೆಯ ಎದುರು ಉಸಿರು ಕಟ್ಟಿ ಓಡುತ್ತಿದ್ದ ನನಗೆ ಈಗ ಬಂಗುಡೆ ಮೀನು ಸರಿಯಾಗಿ ಒಣಗಿದೆಯೋ ಇಲ್ಲವೋ ಎಂದು ಮೂಗಿನಲ್ಲೇ ಹೇಳಲು ಬರುತ್ತದೆ. ಈ ವಿದ್ಯೆ ಕಲಿಸಿದವರು ಕಾಪುವಿನ ವನಜಕ್ಕ. ಪ್ರತಿಯಾಗಿ ನಾನು ಅವರಿಗೆ ಮಾಡಿದ ಉಪಕಾರ ಯಾವುದೆಂದು ಕೇಳಿದರೆ ಮಾತ್ರ ನನ್ನ ಮುಖ ಸಣ್ಣದಾಗುತ್ತದೆ.

ಕೆಲವು ವರ್ಷಗಳ ಹಿಂದಿನ ಮಾತು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾಗಿ, ಮನೆಯವರ ವ್ಯಾಕರಣ ತಿದ್ದುತ್ತಾ ಎಲ್ಲರ ತಲೆ ತಿನ್ನುತ್ತಿದ್ದೆ. ಆಗ ಮಣಿಪಾಲದ ಒಂದು ತರಬೇತಿ ಕೇಂದ್ರದವರು ದುಭಾಷಿಯಾಗಿ ಬನ್ನಿ ಎಂದು ಕರೆದರು. ಸಾಮಾಜಿಕ ಉದ್ಯಮ, ಅಂದರೆ ಲಾಭಕ್ಕಿಂತ ಊರಿನ ಒಳಿತನ್ನು ಮುಂದಿಟ್ಟುಕೊಂಡ ಕಸುಬು, ಅದನ್ನು ನೋಡಲು ಹೊರದೇಶದವರು ಬರುತ್ತಾರಂತೆ. ಮನೆಯವರು ನನಗಿಂತ ಮೊದಲೇ ಒಪ್ಪಿಗೆ ಕೊಟ್ಟರು.

ಹಾಗೆ ಬಂದವರಲ್ಲಿ ನನ್ನ ಪಾಲಿಗೆ ಸಿಕ್ಕಿದ್ದು ಇಬ್ಬರು: ಜರ್ಮನಿಯ ಉಲ್ರಿಕೆ, ಕೀನ್ಯಾದ ಅಚಿಯೆಂಗ್. ಅವರನ್ನು ಕಾಪುವಿನ ಕಡಲ ಬದಿಗೆ ಕರೆದುಕೊಂಡು ಹೋದೆ. ಅಲ್ಲಿ ಒಂಬತ್ತು ಮಂದಿ ಹೆಂಗಸರು ಮೀನು ಒಣಗಿಸುತ್ತಿದ್ದರು, ಆದರೆ ಎಲ್ಲರಂತೆ ಮರಳಿನ ಮೇಲಲ್ಲ. ಸೊಂಟದೆತ್ತರಕ್ಕೆ ಕಂಬ ಹುಗಿದು, ಹಳೆಯ ಬಲೆಯನ್ನು ಬಿಗಿದು ಕಟ್ಟಿ, ಅದರ ಮೇಲೆ ಮೀನು ಹರಡಿದ್ದರು. ಕೆಳಗಿನಿಂದಲೂ ಗಾಳಿ, ಮೀನಿಗೆ ಒಂದು ಕಣ ಮರಳಿಲ್ಲ. ಅದಕ್ಕೆ ಅವರು ಮಂಚ ಎನ್ನುತ್ತಿದ್ದರು. ಉಲ್ರಿಕೆ ಅದನ್ನು ನಾವೀನ್ಯ ಎಂದರು.

“ಇದು ಯಾರ ಯೋಚನೆ?” ಎಂದು ಉಲ್ರಿಕೆ ಕೇಳಿದರು. ನಾನು ತುಳುವಿನಲ್ಲಿ ಕೇಳಿದೆ. ಉಳಿದವರೆಲ್ಲ ತುಳುವಿನಲ್ಲಿ ನಕ್ಕರೂ ವನಜಕ್ಕ ನಾನು ಟೀಚರು ಎಂಬ ಮರ್ಯಾದೆಗೆ ಕನ್ನಡದಲ್ಲೇ ಹೇಳಿದರು: “ಯಾರದ್ದು ಅಂತ ಎಂತ ಹೇಳುವುದು? ಎಲ್ಲರೂ ಸೇರಿ ಮಾಡಿದ್ದು.”

ನನಗೆ ಗೊತ್ತಿತ್ತು, ಅದು ವನಜಕ್ಕನದೇ ಯೋಚನೆ. ಗಂಡನ ಹರಿದ ಬಲೆಯಿಂದ ಮೊದಲ ಮಂಚ ಕಟ್ಟಿದವರು ಅವರೇ ಎಂದು ಪಕ್ಕದ ಹೆಂಗಸು ನನ್ನ ಕಿವಿಯಲ್ಲಿ ಹೇಳಿಯಾಗಿತ್ತು.

ಅವರಿಗೆ ಬೇಕಾಗಿದ್ದದ್ದು ಒಂದೇ, ಬೆಳಕು ಬರುವ ಶೀಟು ಹೊದಿಸಿದ ಒಂದು ಶೆಡ್ಡು. ಉಲ್ರಿಕೆಯ ಊರಿನವರ ಹಣದಲ್ಲಿ ಕೇಂದ್ರ ಕೊಡಲು ತಯಾರಿತ್ತು. ಆದರೆ ಅರ್ಜಿಯಲ್ಲಿ ಒಂದು ಖಾನೆ: ಸ್ಥಾಪಕರ ಹೆಸರು, ಒಂದು ಮಾತ್ರ. ಉಲ್ರಿಕೆ ಕೆಟ್ಟವರಲ್ಲ. ಅವರ ಊರಲ್ಲಿ ಯಾರ ಹೊಣೆ ಎಂದು ಗೊತ್ತಿಲ್ಲದ ಕೆಲಸವನ್ನು ಯಾರೂ ನಂಬುವುದಿಲ್ಲವಂತೆ. ಹೆಸರು ಹೇಳುವುದೆಂದರೆ ತಪ್ಪಾದರೆ ನಾನಿದ್ದೇನೆ ಎಂದು ಹೇಳಿದಂತೆ. ಅಚಿಯೆಂಗ್ ಅವರದು ದೊಡ್ಡ ಸರೋವರದ ದಡದ ಊರು, ಅಲ್ಲೂ ಹೆಂಗಸರು ಸಣ್ಣ ಮೀನು ಒಣಗಿಸುತ್ತಾರೆ. “ನಮ್ಮಲ್ಲಾದರೆ ಅವಳ ಹೆಸರನ್ನು ಹಾಡಿ ಹೊಗಳುತ್ತೇವೆ, ಅದರಿಂದ ಎಲ್ಲರಿಗೂ ಖುಷಿ. ಇಲ್ಲಿ ಯಾಕೆ ಎಲ್ಲರೂ ತಲೆ ತಗ್ಗಿಸುತ್ತಾರೆ?” ಎಂದು ಅವರಿಗೆ ಆಶ್ಚರ್ಯ.

ಅದಕ್ಕೆ ಉತ್ತರ ಕೊಡಬೇಕಾದವಳು ನಾನು. ಉತ್ತರ ಕೊಡುವ ಬದಲು ಪೆನ್ನು ತೆಗೆದು ಆ ಖಾನೆಯಲ್ಲಿ ವನಜಕ್ಕನ ಹೆಸರು ಬರೆದೆ. ಜೀವಮಾನವಿಡೀ ಮೊದಲ ಸ್ಥಾನ ಯಾರದ್ದೆಂದು ಮೈಕಿನಲ್ಲಿ ಓದಿದವಳ ಕೈ ಸುಮ್ಮನಿರುತ್ತದೆಯೇ? ಅವರನ್ನು ಒಂದು ಮಾತು ಕೇಳಲಿಲ್ಲ. ಒಳ್ಳೆಯದು ಮಾಡುತ್ತಿದ್ದೇನೆ ಎಂಬ ಸೊಕ್ಕು ನನಗೆ.

ಕೇಂದ್ರದವರು ಸುದ್ದಿ ಕೊಟ್ಟು ಪತ್ರಿಕೆಯಲ್ಲಿ ವನಜಕ್ಕನ ಫೋಟೋ ಬಂತು, ಕೆಳಗೆ “ಮಂಚದ ಸಂಶೋಧಕಿ” ಎಂಬ ಅಡಿಬರಹ. ಕಾರ್ಕಳದಲ್ಲಿರುವ ನನ್ನ ನಾದಿನಿ ಫೋನು ಮಾಡಿ, “ನಿಮ್ಮಿಂದ ಆಯ್ತಲ್ಲ ಅತ್ತಿಗೆ!” ಎಂದಳು. ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಮೂರನೆಯ ದಿನ ವನಜಕ್ಕ ಬಂದರು. ಕಡಿಯಾಳಿಯ ನಮ್ಮ ಮನೆಗೆ ಅವರು ಅದೇ ಮೊದಲು ಬಂದದ್ದು. ಒಳಗೆ ಬನ್ನಿ ಎಂದರೆ ಬರಲಿಲ್ಲ.

“ಟೀಚರೇ, ನನ್ನ ಹೆಸರು ನೀವು ಯಾಕೆ ಬರೆದದ್ದು?”

ಒಳ್ಳೆಯದಾಗಲಿ ಎಂದು, ಅಂತೇನೋ ತೊದಲಿದೆ.

“ನಮ್ಮಲ್ಲಿ ಒಂದು ಕ್ರಮ ಉಂಟು. ಮೋಡ ಕಂಡ್ರೆ ಮೊದಲು ಬೇರೆಯವರ ಮೀನು ತೆಗೀಬೇಕು. ನಮ್ಮದು ಕೊನೆಗೆ. ಎಲ್ಲರೂ ಹಾಗೆ ಮಾಡುವಾಗ ಯಾರದ್ದೂ ಒದ್ದೆಯಾಗುವುದಿಲ್ಲ ಅಲ್ವಾ? ಮನೆಗೆ ಊಟಕ್ಕೆ ಹೋದವಳದ್ದೂ ಒದ್ದೆಯಾಗುವುದಿಲ್ಲ. ನಿನ್ನೆ ಹೊತ್ತಲ್ಲದ ಹೊತ್ತಿಗೆ ಮಳೆ ಬಂತು. ನಾನು ನಾಲ್ಕು ಮಂದಿಯದ್ದು ತೆಗೆದೆ. ನನ್ನದನ್ನು ಯಾರೂ ಮುಟ್ಟಲಿಲ್ಲ. ಅವಳಿಗೆ ಎಂತ, ಅವಳಿಗೆ ಶೆಡ್ ಬರ್ತದೆ ಅಂತ ಹೇಳಿದ್ರು. ಇಡೀ ಮಂಚ ಹಾಳಾಯ್ತು.” ಅಲ್ಲಿಯವರೆಗೆ ಗಟ್ಟಿಯಾಗಿದ್ದ ಅವರ ಸ್ವರ ಒಡೆಯಿತು. “ಮೀನು ಹೋದ್ರೆ ಹೋಗ್ಲಿ. ಇಷ್ಟು ವರ್ಷದಲ್ಲಿ ಹೀಗೆ ಆದದ್ದೇ ಇಲ್ಲ ಮಾರಾಯ್ರೆ.”

ನಾನು ನಾಚಿಕೆಯಿಂದ ಸತ್ತೆ. ಅಚಿಯೆಂಗ್ ಕೇಳಿದ ಪ್ರಶ್ನೆಗೆ ಉತ್ತರ ನನ್ನ ಜಗಲಿಯ ಹೊರಗೆ ನಿಂತಿತ್ತು. ಕೊಡುವವರ ಊರಲ್ಲಿ ಹೆಸರು ಎಂದರೆ ಹೊಣೆ, ಸರೋವರದ ಊರಲ್ಲಿ ಹೆಸರು ಎಂದರೆ ಹಬ್ಬ. ಕಾಪುವಿನ ಈ ಒಂಬತ್ತು ಮಂದಿಯಲ್ಲಿ ಹೆಸರು ಎಂದರೆ ಸಾಲಿನಿಂದ ಆಚೆ ನಿಲ್ಲಿಸಿದಂತೆ. ನಾಲ್ಕು ಭಾಷೆ ಬರುವ ದುಭಾಷಿಗೆ ಇದೊಂದು ಗೊತ್ತಾಗಲಿಲ್ಲ ನೋಡಿ.

ಮರುದಿನವೇ ಇಬ್ಬರೂ ಮಣಿಪಾಲಕ್ಕೆ ಹೋದೆವು. ಅಧಿಕಾರಿ ಎಸಿ ಕೋಣೆಯಲ್ಲಿ ಚಹಾ ಕೊಟ್ಟು ಉಪಚರಿಸಿದರು.

“ಒಂದು ಹೆಸರು ಇರಲೇಬೇಕಮ್ಮಾ. ಸುಮ್ಮನೆ ಫಾರ್ಮಾಲಿಟಿ.”

“ಒಂಬತ್ತು ಹೆಸರು ಬರೀಲಿಕ್ಕೆ ಜಾಗ ಇಲ್ವಾ? ಹಿಂದಿನ ಪುಟ ಇಡೀ ಖಾಲಿ ಉಂಟಲ್ಲ?” ಎಂದರು ವನಜಕ್ಕ.

“ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ.”

“ಹಾಗಾದ್ರೆ ಶೆಡ್ ನೀವೇ ಇಟ್ಟುಕೊಳ್ಳಿ. ಮಳೆ ಬಂದ್ರೆ ನಮಗೆ ಓಡ್ಲಿಕ್ಕೆ ಗೊತ್ತುಂಟು. ಅವರೆಲ್ಲ ನನ್ನನ್ನು ಬಿಟ್ಟ ಮೇಲೆ ನಿಮ್ಮ ಶೆಡ್ಡಲ್ಲಿ ನಾನೊಬ್ಬಳೇ ಕೂತು ಎಂತ ಮಾಡ್ಲಿ?”

ಅಧಿಕಾರಿ ನನ್ನ ಮುಖ ನೋಡಿದರು, ಕಲಿತವಳು ಬುದ್ಧಿ ಹೇಳಿಯಾಳು ಎಂದು. ನಾನು ಅರ್ಜಿ ವಾಪಸು ಕೇಳಿದೆ, ನನ್ನ ಕೈಯಾರೆ ಬರೆದ ಹೆಸರನ್ನು ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿದೆ. ಅಷ್ಟು ಸಂತೋಷದಿಂದ ನಾನು ಯಾವ ಉತ್ತರಪತ್ರಿಕೆಗೂ ಕೆಂಪು ಗೀಟು ಎಳೆದವಳಲ್ಲ. ಆಮೇಲೆ ಕಾಪುವಿಗೆ ಹೋಗಿ ಎಂಟು ಮಂದಿಯ ಮುಂದೆ ನಿಂತು, ತಪ್ಪು ನನ್ನದು, ವನಜಕ್ಕನಿಗೆ ಏನೂ ಗೊತ್ತಿರಲಿಲ್ಲ ಎಂದು ತುಳುವಿನಲ್ಲೇ ಹೇಳಿದೆ. ಅವರು ನನಗೆ ಸಾಕಷ್ಟು ಬೈದರು. ಮುಂದಿನ ಮೋಡಕ್ಕೆ ವನಜಕ್ಕನ ಮೀನು ಎಲ್ಲರದ್ದಕ್ಕಿಂತ ಮೊದಲು ಒಳಗೆ ಬಂತಂತೆ.

ಶೆಡ್ಡು ಬರಲಿಲ್ಲ, ಇವತ್ತಿಗೂ ಇಲ್ಲ. ಅದು ಸರಿಯೆಂದು ನಾನು ಹೇಳುವುದಿಲ್ಲ, ನನಗೆ ಈಗಲೂ ಸಿಟ್ಟು ಬರುತ್ತದೆ. ಒಂದು ಖಾನೆಯನ್ನು ಒಂದಿಷ್ಟು ಉದ್ದ ಮಾಡಿದ್ದರೆ ಯಾರ ಗಂಟು ಹೋಗುತ್ತಿತ್ತು?

ಈಗ ಅದೇ ಕೇಂದ್ರದವರು ಸಂಸ್ಕೃತಿ ಮತ್ತು ನಾವೀನ್ಯದ ಬಗ್ಗೆ ಪುಸ್ತಕ ತರುತ್ತಿದ್ದಾರೆ. ದೇಶಕ್ಕೊಂದು ಅಧ್ಯಾಯ. ಮಂಚದ ಕಥೆ ಬೇಕಂತೆ, ಜೊತೆಗೆ ಕಂಡುಹಿಡಿದವರ ಹೆಸರು ಹಾಕಲು ಒಪ್ಪಿಗೆ ಮತ್ತು ಒಳ್ಳೆಯ ಫೋಟೋ. ಮೊನ್ನೆ ನಾನು ಕಾಪುವಿಗೆ ಹೊರಟದ್ದು ಅದನ್ನು ಕೇಳಲಿಕ್ಕೆ. ಈ ಸಲ ಮೊದಲು ಕೇಳಿದೆ, ಒಂಬತ್ತು ಮಂದಿಯನ್ನೂ ಕೂರಿಸಿಕೊಂಡು.

“ಕಥೆ ಬರೀರಿ ಟೀಚರೇ, ಅದನ್ನು ನೋಡಿ ಬೇರೆ ಊರಿನವರೂ ಮಂಚ ಕಟ್ಟಿಕೊಳ್ಳಲಿ. ಹೆಸರು ಬೇಡ,” ಎಂದರು ಎಲ್ಲರೂ.

ಕೇಂದ್ರಕ್ಕೆ ಫೋನು ಮಾಡಿ ಹೆಸರು ಕೊಡಲು ಆಗುವುದಿಲ್ಲ ಎಂದೆ. ಹೆಸರಿಲ್ಲದ ಕಥೆ ಅವರಿಗೆ ಬೇಡವಂತೆ. ಆದ್ದರಿಂದ ನಿಮಗೆ ಹೇಳಿದ್ದೇನೆ. ವನಜಕ್ಕ ಎಂಬುದು ಅವರ ಹೆಸರಲ್ಲ. ಆ ಒಂಬತ್ತು ಮಂದಿಯಲ್ಲಿ ಆ ಹೆಸರಿನವರು ಯಾರೂ ಇಲ್ಲ. ಕಾಪುವಿಗೆ ಹೋಗಿ ಯಾರನ್ನು ಬೇಕಾದರೂ ಕೇಳಿ ನೋಡಿ, ಎಲ್ಲರೂ ಸೇರಿ ಮಾಡಿದ್ದು ಎನ್ನುತ್ತಾರೆ. ಮಣಿಪಾಲದವರು ಕೇಳಿದರೂ ಅಷ್ಟೆ, ಜರ್ಮನಿಯವರು ಕೇಳಿದರೂ ಅಷ್ಟೆ. ನನಗೆ ಗೊತ್ತುಂಟು. ಹೇಳುವುದಿಲ್ಲ.