ಚಪ್ಪಲಿ ಕಾಯುವ ಕೆಲಸ

ನೀರು ಕಂಡಲ್ಲೆಲ್ಲ ನನ್ನ ಪಾಲಿಗೆ ಬರುತ್ತಿದ್ದದ್ದು ಒಂದೇ ಕೆಲಸ, ಚಪ್ಪಲಿ ಕಾಯುವುದು. ದುಬಲಗುಂಡಿಯಲ್ಲಿ ನಾವು ಚಿಕ್ಕವರಿದ್ದಾಗ ನಮ್ಮ ಕಾಕಾ ಒಬ್ಬೊಬ್ಬರ ನಡುವಿಗೆ ಹಗ್ಗ ಕಟ್ಟಿ ಬಾವಿಗಿಳಿಸಿ ಈಜು ಕಲಿಸುತ್ತಿದ್ದ. ನನ್ನ ಸರದಿ ಬಂದಾಗ ಹಗ್ಗ ನೋಡಿದ, ನನ್ನನ್ನು ನೋಡಿದ, ಎಲ್ಲರ ಬಟ್ಟೆ ಚಪ್ಪಲಿ ಕಾಯಲು ಹೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ದಪ್ಪ ಹುಡುಗಿಯರು ಅದನ್ನು ಬೇಗ ಕಲಿಯುತ್ತಾರೆ.

ಈಗ ನಾನು ಹುಮನಾಬಾದಿನಲ್ಲಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯುತ್ತೇನೆ. ಬಂದವರ ಅಳತೆಯನ್ನು ಎಂದೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಅಳತೆಯನ್ನು ಮಾತ್ರ ಯಾರು ಬೇಕಾದರೂ ಹೇಳುತ್ತಾರೆ. ಟಂಟಂ ಆಟೋ ಓಡಿಸುವವನು ನನ್ನನ್ನು ಕಂಡ ಕೂಡಲೇ ನಡುವಿನ ಸೀಟು ತೋರಿಸುತ್ತಾನೆ, ಗಾಡಿ ವಾಲಬಾರದಲ್ಲ.

ಕಳೆದ ದೀಪಾವಳಿಗೆ ಬಸವಕಲ್ಯಾಣದ ತಂಗಿಯ ಮನೆಗೆ ಹೋಗಿದ್ದೆ. ಊರಾಚೆಯ ಹಿನ್ನೀರಿಗೆ ಒಬ್ಬರು ಕಯಾಕ್ ಎಂಬ ಪ್ಲಾಸ್ಟಿಕ್ಕಿನ ಪುಟ್ಟ ದೋಣಿಗಳನ್ನು ತಂದಿದ್ದರು. ಒಬ್ಬರೇ ಕೂತು ಹುಟ್ಟು ಹಾಕಿಕೊಂಡು ಹೋಗುವುದು. ತಂಗಿ ಹೋದಳು, ಅವಳ ಗಂಡ ಹೋದರು. ನನಗೆ ಆಸೆ ತಡೆಯಲಿಲ್ಲ. ತೇಲುವ ಜಾಕೀಟು ಕೊಟ್ಟರು, ಅದರ ಬಕಲ್ಲು ನನ್ನ ಎದೆಯ ಮೇಲೆ ಗೇಣು ದೂರದಲ್ಲೇ ನಿಂತಿತು. ದೋಣಿಯ ನಡುವೆ ಕೂಡಲು ಇದ್ದ ತೂತಿಗೆ ಕಾಲಿಟ್ಟು ಕೂತರೆ ಸೊಂಟ ಅಂಚಿಗೇ ಸಿಕ್ಕಿಕೊಂಡಿತು. ಇಬ್ಬರು ಕೈಹಿಡಿದು ಎಬ್ಬಿಸಬೇಕಾಯಿತು. ತಂಗಿಯ ಗಂಡ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು:

“ಅಕ್ಕಾ, ನೀವು ಇಲ್ಲೇ ನೆಳ್ಳಾಗ ಕೂಡ್ರಿ. ಚಪ್ಪಲಿ ಮ್ಯಾಲ ಜರಾ ಲಕ್ಷ ಇರ್ಲಿ.”

ಕೂತೆ. ಸಿಟ್ಟಿಗೆ ಬುತ್ತಿಯಲ್ಲಿದ್ದ ಶೇಂಗಾ ಹೋಳಿಗೆಯನ್ನೆಲ್ಲ ಒಬ್ಬಳೇ ತಿಂದೆ. ನನಗೆ ಐವತ್ತು ದಾಟಿದೆ, ಇನ್ನೂ ಎಷ್ಟು ವರ್ಷ ಇದೇ ಕೆಲಸ ಎಂದು ಅಳು ಬಂತು.

ಊರಿಗೆ ಬಂದರೂ ಅದು ತಲೆಯಿಂದ ಹೋಗಲಿಲ್ಲ. ಹೊಲಿಗೆಯವಳಿಗೆ ಒಂದು ಮಾತು ಗೊತ್ತಿರುತ್ತದೆ. ಜಂಪರ್ ಏರದಿದ್ದರೆ ತಪ್ಪು ಜಂಪರಿನದು, ಮೈಯದಲ್ಲ. ಎಲ್ಲ ಗಿರಾಕಿಗಳಿಗೂ ಹೇಳುವ ಈ ಮಾತನ್ನು ನನಗೆ ನಾನು ಹೇಳಿಕೊಂಡಿರಲೇ ಇಲ್ಲ. ದೋಣಿಯವರಿಗೆ ಫೋನ್ ಹಚ್ಚಿದೆ. ದಪ್ಪ ಮೈಯವರಿಗೆ ಬೇರೆ ದೋಣಿ ಇರುತ್ತದೆಯೇ ಎಂದು ಕೇಳಿದೆ. ಇರುತ್ತದೆ ಎಂದರು. ತೂತಿಲ್ಲದ, ಅಗಲವಾದ, ಮೇಲೆಯೇ ಕೂಡುವಂಥದ್ದು. ತರಿಸುತ್ತೇವೆ, ಆದರೆ ತೂಕ ಖರೆ ಖರೆ ಹೇಳಬೇಕು ಎಂದರು.

ಮನೆಯ ತೂಕದ ಯಂತ್ರ ನನ್ನ ಕೆಳಗೆ ಎಂದೋ ಕೈಚೆಲ್ಲಿತ್ತು. ಕಾಳು ಕೊಳ್ಳುವ ಅಡತಿ ಅಂಗಡಿಗೆ ಹೋಗಿ ತೊಗರಿ ಚೀಲಗಳ ನಡುವೆ ತೂಕದ ಕಾಟಾದ ಮೇಲೆ ನಿಂತೆ. ಪರಿಚಯದ ಸಾಹುಕಾರರು ಚೀಲದ ತೂಕ ಕಳೆಯುವ ರೂಢಿಯಂತೆ, ಸೀರೆಯ ತೂಕ ಕಳೆದು ಒಂದು ಕಿಲೋ ಕಡಿಮೆ ಹೇಳಿದರು. ಅಲ್ಲಿದ್ದವರೆಲ್ಲ ನಕ್ಕರು. ಈ ಸಲ ನಾನು ನಗಲಿಲ್ಲ, ಸೀರೆ ಸಮೇತ ಎಷ್ಟು ಎಂದು ಕೇಳಿದೆ. ನೂರಾ ಹದಿನೆಂಟು. ಅಲ್ಲೇ ನಿಂತು ಎಲ್ಲರ ಮುಂದೆ ಫೋನಿನಲ್ಲಿ ಹೇಳಿದೆ. ಅತ್ತ ಕಡೆಯವರು ನಗಲೂ ಇಲ್ಲ, ಅಯ್ಯೋ ಅನ್ನಲೂ ಇಲ್ಲ.

“ಆಗ್ತದರಿ. ಬಟ್ಟಿ, ನೀರಿನ ಬಾಟ್ಲಿ ಎಲ್ಲಾ ಹಿಡದು ಲೆಕ್ಕ ಹಾಕ್ತೀವ್ರಿ, ದೋಣಿ ಮ್ಯಾಲ ಬರೆದ ತೂಕದ ಮಿತಿಗಿಂತಾ ಭಾಳ ಕಮ್ಮೀನೇ ಇರ್ತದ. ಫಿಕೀರ್ ಮಾಡಬ್ಯಾಡ್ರಿ.”

ಅದು ನನಗೆ ಕೂಡಲೇ ತಿಳಿಯಿತು, ಮುಂದೆ ಬಿಚ್ಚಿ ಸಡಿಲಿಸಲೆಂದು ಒಳಗೆ ಬಟ್ಟೆ ಬಿಟ್ಟು ಹೊಲಿದ ಹಾಗೆ. ಕೂಡುವ ಜಾಗದ ಅಗಲವನ್ನೂ ಅಳೆಸಿ ಕೇಳಿಕೊಂಡೆ.

ದೋಣಿ ಬಂದಿದೆ ಎಂದು ಗೊತ್ತಾದ ವಾರವೇ ಅಂಗಡಿ ಮುಚ್ಚಿ ಬಸವಕಲ್ಯಾಣದ ಬಸ್ಸು ಹತ್ತಿದೆ. ಚೂಡಿದಾರ ಹೊಲಿದುಕೊಂಡಿದ್ದೆ. ಪಕ್ಕದಲ್ಲಿ ಪಟ್ಟಿ ಇದ್ದ ದೊಡ್ಡ ಜಾಕೀಟು ಈ ಸಲ ಮೈಗೆ ಕೂತಿತು. ತಂಗಿಯ ಗಂಡ ಸೊಂಟ ಹಿಡಿದಿದೆ ಎಂದು ದಂಡೆಯಲ್ಲೇ ಉಳಿದರು. ಮೊಣಕಾಲುದ್ದ ನೀರಿನಲ್ಲಿ ದೋಣಿ ನಿಲ್ಲಿಸಿ, ಮೊದಲು ಕೂಡಬೇಕು, ಕಾಲು ಆಮೇಲೆ ಎತ್ತಿಡಬೇಕು ಎಂದು ದೋಣಿಯವರು ಹೇಳಿಕೊಟ್ಟರು. ಇಲ್ಲಿ ಇನ್ನೊಮ್ಮೆ ಸಿಕ್ಕಿಬಿದ್ದರೆ ನಾನು ಸಾಯುವವರೆಗೂ ನೀರಿನ ಕಡೆ ಬರುವವಳಲ್ಲ ಎಂದು ಗೊತ್ತಿತ್ತು.

ಕೂತೆ. ದೋಣಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಅಲ್ಲಾಡಿತು. ಆಮೇಲೆ ಸುಮ್ಮನಾಯಿತು.

ಹುಟ್ಟು ಹಾಕಿದೆ. ದಂಡೆ ಹಿಂದಕ್ಕೆ ಹೋಯಿತು. ನಡೆಯುವಾಗ ನೋಯುವ ಮೊಣಕಾಲುಗಳು ತೆಪ್ಪಗೆ ಚಾಚಿಕೊಂಡಿದ್ದವು. ನಾನು ಭಾರ ಎಂದು ನೀರಿಗೆ ಅನಿಸಿದಂತೆ ಕಾಣಲಿಲ್ಲ. ತಂಗಿ ತನ್ನ ಕಿರಿದಾದ ದೋಣಿಯಲ್ಲಿ ಪಕ್ಕಕ್ಕೇ ಬಂದಳು. ನನಗೆ ಬಹಳ ಖುಷಿಯಾಗಿತ್ತು, ಅಷ್ಟೇ.

ಸುತ್ತು ಹಾಕಿ ದಂಡೆಗೆ ಹತ್ತಿರವಾದಾಗ ತಂಗಿಯ ಗಂಡ ಬುತ್ತಿ ಗಂಟು ತೊಡೆಯ ಮೇಲಿಟ್ಟುಕೊಂಡು ನೆರಳಲ್ಲಿ ಕೂತಿದ್ದರು. ಊಟಕ್ಕೆ ಹೊತ್ತಾಯಿತು, ಬನ್ನಿ ಎಂದು ಕರೆದರು. ಅವರ ಪಕ್ಕದಲ್ಲಿ ನನ್ನ ಚಪ್ಪಲಿ ಇದ್ದವು.

“ಅವು ನನ್ನ ಚಪ್ಪಲ್ರಿ, ಜರಾ ಲಕ್ಷ ಇರ್ಲಿ,” ಎಂದೆ. “ನಾ ಇನ್ನೊಂದು ಸುತ್ತು ಹೋಗಾಕತ್ತೇನಿ.”