ಕಿಟಕಿಯೆದುರಿನ ಗೋಡೆ

ಮೇಸ್ತ್ರಿ ಈ ಬಡಾವಣೆಗೆ ಬಂದಾಗ ಬಸ್ಸು ಇಲ್ಲಿಯ ಕೊನೆಯ ನಿಲ್ದಾಣವನ್ನು ಖಾಲಿಯಾಗಿಯೇ ಮುಟ್ಟುತ್ತಿತ್ತು. ಈಗ ಇಲ್ಲಿಂದಲೇ ತುಂಬಿ ಹೊರಡುತ್ತದೆ. ನಗರದ ಬಾಡಿಗೆ ತೆರಲಾರದವರು ಬಂದರು. ಬಂದವರು ಅಣ್ಣತಮ್ಮಂದಿರನ್ನೂ ಕರೆಸಿಕೊಂಡರು. ಒಂದು ಮನೆಗೆಂದು ಹಾಕಿದ ನಲ್ಲಿಯೆದುರು ನಾಲ್ಕು ಸಂಸಾರಗಳ ಕೊಡಗಳು ಸಾಲು ನಿಂತವು. ಅಗಲಕ್ಕೆ ಜಾಗ ತೀರಿದ ಮೇಲೆ ಮನೆಗಳು ಮೇಲಕ್ಕೆ ಬೆಳೆದವು. ಅವುಗಳಲ್ಲಿ ಎಷ್ಟೋ ಗೋಡೆಗಳು ಮೇಸ್ತ್ರಿಯ ಕೈಯವೇ. ಅವನ ಸಂಸಾರ ಮಾತ್ರ ಎರಡನೆಯ ಮಹಡಿಯ ಒಂದು ಬಾಡಿಗೆ ಕೋಣೆಯಲ್ಲಿ ಮುದುಡಿಕೊಂಡಿತ್ತು. ಕೋಣೆಗಿದ್ದುದು ಒಂದೇ ಕಿಟಕಿ, ಅದರ ಬುಡದಲ್ಲಿ ಹೆಂಡತಿಯ ಹೊಲಿಗೆ ಯಂತ್ರ. ಹಗಲಿನ ಬೆಳಕಿದ್ದಷ್ಟು ಹೊತ್ತೇ ಅವಳ ಸಂಪಾದನೆ. ದೀಪದಡಿ ಅವಳಿಗೆ ಹೊಲಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

ಪಕ್ಕದ ಮನೆಯ ಯಜಮಾನ ಮೇಲೊಂದು ಮಹಡಿ ಎಬ್ಬಿಸಲು ಮೇಸ್ತ್ರಿಯನ್ನೇ ಕರೆದ. ಗೋಡೆ ಬರಬೇಕಾದದ್ದು ಆ ಕಿಟಕಿಯಿಂದ ಗೇಣು ದೂರದಲ್ಲಿ.

"ಯಜಮಾನ್ರೇ, ಎರಡಡಿ ಹಿಂದಕ್ಕೆ ಸರಿಸೋಣ. ನಮ್ಮನೆ ಕತ್ತಲಾಗುತ್ತೆ."

"ಸರಿಸಿದ್ರೆ ಮಗಳ ಮಂಚ ಎಲ್ಲಿ ಹಾಕ್ಲಿ, ನಿನ್ನ ತಲೆ ಮೇಲಾ? ಗಂಡ, ಮಕ್ಕಳನ್ನ ಕಟ್ಕೊಂಡು ಬಂದು ನಮ್ಮ ಅಡುಗೆಮನೇಲಿ ಮಲಗ್ತಿದ್ದಾಳೆ. ಆಗಲ್ಲ ಅಂದ್ರೆ ಹೇಳು, ಬೇರೆಯವರನ್ನ ನೋಡ್ತೀನಿ."

ತಾನು ಒಲ್ಲೆನೆಂದರೂ ಗೋಡೆ ಏಳುವುದು ತಪ್ಪದು ಎಂದು ಮೇಸ್ತ್ರಿಗೆ ಗೊತ್ತಿತ್ತು. ಕರಣೆ ಕೈಗೆತ್ತಿಕೊಂಡ.

ಇಟ್ಟಿಗೆಯ ಸಾಲು ಕಿಟಕಿಯ ಅಂಚಿಗೆ ಬಂದಾಗ ಒಳಗಿನಿಂದ ಹೆಂಡತಿಯ ದನಿ ಕೇಳಿಸಿತು. "ಏನ್ರೀ, ಕಟ್ಕೊಂಡ ಹೆಂಡತಿಗೆ ಅಡ್ಡ ಗೋಡೆ ಕಟ್ಟಿದ ಮೊದಲ ಗಂಡಸು ನೀವೇ ಇರ್ಬೇಕು."

"ಇಷ್ಟು ವರ್ಷ ಬಾಯಿ ಮುಚ್ಚಿಸೋಕಾಗ್ಲಿಲ್ಲ, ಕಿಟಕೀನಾದ್ರೂ ಮುಚ್ತೀನಿ ಕಣೇ."

ಇಬ್ಬರಿಗೂ ನಗು ಬರಲಿಲ್ಲ.

ಗೋಡೆಯ ಹೊರಮೈಯಲ್ಲಿ ಇಟ್ಟಿಗೆಗಳ ಸಂದುಗಳಿಗೆ ಗಾರೆ ತುಂಬದಿದ್ದರೆ ಮಳೆಯ ನೀರು ಒಳಗಿಳಿಯುತ್ತದೆ. ಎರಡು ಮನೆಗಳ ನಡುವಿನ ಗೇಣಗಲದ ಸಂದಿಯಲ್ಲಿ ಆಳು ಇಳಿಯುವಂತಿಲ್ಲ. ಹಾಗಾಗಿ ಈ ಓಣಿಗಳಲ್ಲಿ ಒಂದು ರೂಢಿ ಬೆಳೆದಿತ್ತು: ಬೆಳಕು ಕಳೆದುಕೊಳ್ಳುವ ಮನೆಯವರೇ ಕಿಟಕಿಯಿಂದ ಕೈ ಚಾಚಿ, ಎಟಕುವಷ್ಟು ಗಾರೆ ಬಳಿದುಕೊಡಬೇಕು. ಯಜಮಾನ ಅದನ್ನೇ ಕೇಳಿದ.

"ಬಳೀತೀನಿ," ಎಂದಳು ಅವಳು. "ಆದ್ರೆ ಮೇಲೆ ಸುಣ್ಣಾನೂ ಹೊಡೀತೀನಿ, ಸುಣ್ಣ ನಿಮ್ದು. ಗೋಡೆ ಬೆಳ್ಳಗಿದ್ರೆ ಮೇಲಿಂದ ಬೀಳೋ ಬೆಳಕು ಒಂಚೂರಾದ್ರೂ ಇತ್ತ ತಿರುಗೀತು."

"ಚೌಕಾಸಿ ಎಲ್ಲಿ ಕಲಿತೆಯಮ್ಮಾ?"

"ನಿಮ್ಮ ಪಕ್ಕದಲ್ಲೇ ಇದ್ದೀವಲ್ಲ."

ಯಜಮಾನ ಸುಣ್ಣ ಕೊಟ್ಟ. ಅವಳು ಸರಳುಗಳ ನಡುವೆ ಭುಜದವರೆಗೆ ತೋಳು ತೂರಿಸಿ, ಕೆನ್ನೆಯನ್ನು ಕಬ್ಬಿಣಕ್ಕೊತ್ತಿ, ಮೊದಲು ಗಾರೆ, ಅದು ಒಣಗಿದ ಮೇಲೆ ಸುಣ್ಣ ಬಳಿದಳು. ತೋಳು ಎಟಕಿದಷ್ಟೇ ಬಿಳಿ. ಅದರಾಚೆ ಬರಿ ಇಟ್ಟಿಗೆಯ ಕೆಂಪು.

ಮಾರನೆಯ ಮಧ್ಯಾಹ್ನ ಆ ಬಿಳುಪಿನಿಂದ ತೆಳುವಾದ ಬೆಳಕೊಂದು ಯಂತ್ರದ ಮೇಲೆ ಬಿತ್ತು. ಅವಳು ಮಗುವಿನ ಹಳದಿ ಅಂಗಿಯೊಂದನ್ನು ಹೊಲಿದು ನೋಡಿದಳು, ನಡೆಯಿತು. ಅಂಗಡಿಯವರು ಹೊಲಿಯಲು ಕಳಿಸಿದ್ದ ಕಪ್ಪು ಲಂಗಗಳ ಕಟ್ಟನ್ನು ಬಿಚ್ಚಿ, ಒಂದರ ಅಂಚನ್ನು ಕಣ್ಣಿನ ಹತ್ತಿರ ಹಿಡಿದು, ಮತ್ತೆ ಕಟ್ಟಿಟ್ಟಳು.

ಊಟಕ್ಕೆ ಬಂದ ಮೇಸ್ತ್ರಿಗೆ, "ಇದನ್ನ ಅಂಗಡಿಯವರಿಗೆ ವಾಪಸ್ ಕೊಟ್ಬಿಡಿ. ಇನ್ಮೇಲೆ ತಿಳಿ ಬಣ್ಣದ್ದು ಮಾತ್ರ ಕಳಿಸ್ಲಿ ಅಂತ ಹೇಳಿ," ಎಂದಳು.

"ಅಂಥದ್ದು ಇಲ್ಲ ಅಂದ್ರೆ?"

"ಊಟ ಮಾಡಿ ಮೊದ್ಲು."